ಪ್ಯಾಚ್ ಬರುವ ಮುನ್ನ: ಬ್ಯಾಟಲ್‌ಫೀಲ್ಡ್ 4 ಆಟಗಾರರ ಮಾತು ಕೇಳಿಸಿಕೊಂಡ ನನ್ನ ಅನುಭವ

2014ರ ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಯವರೆಗೆ ಒಟ್ಟಿಗೆ ಆನ್‌ಲೈನ್ ಆಟ ಆಡುವ ನಮ್ಮ ಗುಂಪಿನಲ್ಲಿ ಕೇಳಿಬರುತ್ತಿದ್ದದ್ದು ಒಂದೇ ಪ್ರಶ್ನೆ. ಪ್ಯಾಚ್ ಯಾವಾಗ ಬರುತ್ತೆ? ಪ್ಯಾಚ್ ಅಂದರೆ ಆಟದ ತಪ್ಪುಗಳನ್ನು ತಿದ್ದಿ ಕಳಿಸುವ ಅಪ್‌ಡೇಟ್.

ಆಟ ಬ್ಯಾಟಲ್‌ಫೀಲ್ಡ್ 4. ಸ್ಟಾಕ್‌ಹೋಮ್‌ನ ಡೈಸ್ ಸ್ಟುಡಿಯೋ ಮಾಡಿದ್ದು, ಇಎ ಕಂಪನಿ ಹೊರತಂದದ್ದು. ಒಂದೇ ಮ್ಯಾಪಿನಲ್ಲಿ, ಅಂದರೆ ಒಂದೇ ಯುದ್ಧಭೂಮಿಯಲ್ಲಿ, 64 ಜನರವರೆಗೆ, ಟ್ಯಾಂಕು, ಜೆಟ್ಟು, ಹೆಲಿಕಾಪ್ಟರ್, ಕುಸಿದು ಬೀಳುವ ಕಟ್ಟಡಗಳು. 2013ರ ಅಕ್ಟೋಬರ್ ಕೊನೆಯಲ್ಲಿ ಬಂತು. ಶುರುವಿನ ತಿಂಗಳುಗಳಲ್ಲಿ ಅದರ ತೊಂದರೆಗಳು ಜಗತ್ತಿಗೇ ಗೊತ್ತಿದ್ದವು. ಡಿಸೆಂಬರ್‌ನಲ್ಲಿ ಇಎ ತಾನೇ ಹೇಳಿತು: ಈ ಆಟ ಸರಿಹೋಗುವವರೆಗೆ ಡೈಸ್ ಬೇರೆ ಕೆಲಸಗಳನ್ನು ಬದಿಗಿಡುತ್ತದೆ ಅಂತ. ಆಮೇಲೆ 2014ರ ಮೇನಲ್ಲಿ ಕಮ್ಯುನಿಟಿ ಟೆಸ್ಟ್ ಎನ್‌ವೈರನ್‌ಮೆಂಟ್ ಶುರುವಾಯಿತು. ಎಲ್ಲರೂ ಸಿಟಿಇ ಅಂತಲೇ ಕರೆಯುತ್ತಿದ್ದರು. ಪಿಸಿಯಲ್ಲಿ ಪ್ರೀಮಿಯಂ (ಆಟದ ಬೆಲೆಯ ಮೇಲೆ ಬೇರೆಯಾಗಿ ದುಡ್ಡು ಕೊಟ್ಟು ಪಡೆಯುವ ಸದಸ್ಯತ್ವ) ಕೊಂಡವರು ಆಟದ ಇನ್ನೊಂದು ಪ್ರತಿಯನ್ನು ಬೇರೆಯಾಗಿ ಇಳಿಸಿಕೊಂಡು, ಬರಲಿರುವ ಬದಲಾವಣೆಗಳನ್ನು ಮೊದಲೇ ಆಡಿ ನೋಡಬಹುದಿತ್ತು. ಅದನ್ನು ನಡೆಸುತ್ತಿದ್ದದ್ದು ಡೈಸ್‌ನ ಲಾಸ್ ಏಂಜಲೀಸ್ ತಂಡ.

ನಮ್ಮ ಗುಂಪಿನಲ್ಲಿ ಪ್ರೀಮಿಯಂ ಇದ್ದವರು ಕಡಿಮೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಹುಡುಗರು. ಆಟ ಕೊಳ್ಳುವುದೇ ದೊಡ್ಡ ಖರ್ಚು, ಅದರ ಮೇಲೆ ಪ್ರೀಮಿಯಂ ಯಾರು ಕೊಳ್ಳುತ್ತಾರೆ? ನನ್ನ ಹತ್ತಿರ ಇತ್ತು. ಹಾಗಾಗಿ ಎಲ್ಲರ ಮಾತು ಕೇಳಿ, ಸಿಟಿಇಯಲ್ಲಿ ಆಡಿ ನೋಡಿ, ವರದಿ ಬರೆದು ಕಳಿಸುವ ಕೆಲಸ ನಾನೇ ಹೊತ್ತುಕೊಂಡೆ. ಯಾರೂ ಹೇಳಿದ್ದಲ್ಲ. ಆ ಆಟ ನನಗೆ ತುಂಬಾ ಇಷ್ಟ, ಅದು ಸರಿಹೋಗಬೇಕು ಅನ್ನುವ ಆಸೆ ಇತ್ತು.

ಹುಬ್ಬಳ್ಳಿಯ ಹುಡುಗ ದಿನಾ ಒಂದೇ ಮಾತು ಹೇಳುತ್ತಿದ್ದ. "ಗ್ವಾಡಿ ಹಿಂದ ಹೋಗಿದ್ನೋ ಅಣ್ಣಾ, ಆದ್ರೂ ಹೊಡದ್ರು." ಮೈಸೂರಿನವನದು ಬೇರೆ ದೂರು. "ಒಂದೇ ಗುಂಡಿಗೆ ಸಾಯ್ತೀನಿ ಕಣೋ." ಮೂರನೆಯವನು ಎಲ್ಲದಕ್ಕೂ "ಲ್ಯಾಗ್", ಅಂದರೆ ಆಟ ತಡವರಿಸುತ್ತಿದೆ, ಅನ್ನುತ್ತಿದ್ದ. ಮೂವರೂ ಕೊನೆಗೆ ಒಂದೇ ತೀರ್ಮಾನಕ್ಕೆ ಬರುತ್ತಿದ್ದರು: ನೆಟ್‌ಕೋಡ್ ಸರಿಯಿಲ್ಲ, ಟಿಕ್ ರೇಟ್ ಜಾಸ್ತಿ ಮಾಡಿದರೆ ಎಲ್ಲಾ ಸರಿಹೋಗುತ್ತೆ. ನೆಟ್‌ಕೋಡ್ ಅಂದರೆ ಆಟಗಾರರ ಕಂಪ್ಯೂಟರ್‌ಗಳಿಗೂ ಎಲ್ಲರ ಆಟ ನಡೆಸುವ ಸರ್ವರ್ ಕಂಪ್ಯೂಟರ್‌ಗೂ ನಡುವೆ ಸುದ್ದಿ ಸಾಗಿಸುವ ವ್ಯವಸ್ಥೆ. ಟಿಕ್ ರೇಟ್ ಅಂದರೆ ಸರ್ವರ್ ಸೆಕೆಂಡಿಗೆ ಎಷ್ಟು ಸಲ ಆಟದ ಲೆಕ್ಕ ಹಾಕುತ್ತದೆ ಅನ್ನುವುದು.

ನಾನು ಮೊದಲು ಮಾಡಿದ ಕೆಲಸ ಆ ತೀರ್ಮಾನವನ್ನು ಪಕ್ಕಕ್ಕಿಟ್ಟದ್ದು. ಆಟಗಾರನಿಗೆ ಆದ ಅನುಭವ ನಿಜ. ಗೋಡೆ ಹಿಂದೆ ಸತ್ತೆ ಅಂದರೆ ಅವನ ಪರದೆಯಲ್ಲಿ ಅವನು ಗೋಡೆ ಹಿಂದೆಯೇ ಸತ್ತಿದ್ದಾನೆ, ಅದರಲ್ಲಿ ವಾದ ಇಲ್ಲ. ಆದರೆ ಯಾಕೆ ಸತ್ತ ಅನ್ನುವುದಕ್ಕೆ ಅವನು ಕೊಡುವ ಕಾರಣ ಊಹೆ. ಹಾಗಾಗಿ ನಾನು ಪ್ರತಿಯೊಬ್ಬರನ್ನೂ ಮೂರು ವಿಷಯ ಬೇರೆ ಬೇರೆಯಾಗಿ ಕೇಳತೊಡಗಿದೆ. ಏನಾಯ್ತು? ಆಗ ಪರದೆಯಲ್ಲಿ ಏನು ಕಾಣಿಸ್ತಿತ್ತು? ಏನು ಬದಲಾಗಬೇಕು ಅಂತೀಯ? ಮೊದಲನೆಯದಕ್ಕೆ ಎಲ್ಲರೂ ಚೆನ್ನಾಗಿ ಉತ್ತರ ಕೊಡುತ್ತಿದ್ದರು. ಮೂರನೆಯದಕ್ಕೆ ಇನ್ನೂ ಜೋರಾಗಿ. ಎರಡನೆಯದಕ್ಕೆ ಮಾತ್ರ ತಡವರಿಸುತ್ತಿದ್ದರು. ನನ್ನ ಕೆಲಸವೆಲ್ಲಾ ಆ ಎರಡನೇ ಪ್ರಶ್ನೆಯಲ್ಲೇ ಇತ್ತು.

ಅದಕ್ಕೆ ಆಟದಲ್ಲೇ ಸಾಧನ ಇತ್ತು. ಆಟದೊಳಗೆ ಆದೇಶ ಟೈಪ್ ಮಾಡುವ ಕಿಟಕಿ ತೆರೆದು ಪರ್ಫ್‌ಓವರ್‌ಲೇ.ಡ್ರಾಗ್ರಾಫ್ 1 ಅಂತ ಟೈಪ್ ಮಾಡಿದರೆ ಪರದೆಯ ಕೆಳಗೆ ಎರಡು ಗೆರೆ ಬರುತ್ತವೆ. ಹಳದಿ ಗೆರೆ ಪ್ರೊಸೆಸರ್‌ನದು, ಹಸಿರು ಗ್ರಾಫಿಕ್ಸ್ ಕಾರ್ಡಿನದು. "ಲ್ಯಾಗ್ ಲ್ಯಾಗ್" ಅನ್ನುತ್ತಿದ್ದವನಿಗೆ ಇದನ್ನು ಹಾಕಿಸಿದೆ. ಜನ ಜಾಸ್ತಿ ಸೇರಿದಾಗಲೆಲ್ಲಾ ಅವನ ಹಳದಿ ಗೆರೆ ಮೇಲಕ್ಕೆ ಚಿಮ್ಮುತ್ತಿತ್ತು. ಅವನದು ನೆಟ್‌ವರ್ಕ್ ತೊಂದರೆ ಅಲ್ಲವೇ ಅಲ್ಲ. ಹಳೇ ಪ್ರೊಸೆಸರ್ 64 ಜನರ ಲೆಕ್ಕ ಹಾಕಲಾಗದೆ ತಿಣುಕುತ್ತಿತ್ತು. ಟಿಕ್ ರೇಟ್ ಎಷ್ಟೇ ಏರಿಸಿದರೂ ಅವನಿಗೆ ಉಪಯೋಗವಿಲ್ಲ. ಕೆಲವು ಸೆಟ್ಟಿಂಗ್ ಇಳಿಸಿ, 64ರ ಬದಲು 32 ಜನರ ಸರ್ವರ್‌ನಲ್ಲಿ ಆಡು ಅಂದೆ. ಆಟ ಸಲೀಸಾಯಿತು.

ಆಮೇಲೆ ಪರದೆಯ ಬದಿಯಲ್ಲಿ ಮಿನುಗುವ ಎರಡು ಚಿಹ್ನೆಗಳಿದ್ದವು. ಗಡಿಯಾರದಂಥದ್ದು ಮಿನುಗಿದರೆ ಸಂಪರ್ಕ ನಿಧಾನ ಅಂತ ಅರ್ಥ. ನಾಲ್ಕು ಚೌಕಗಳದ್ದು ಮಿನುಗಿದರೆ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ತುಣುಕುಗಳು, ದಾರಿಯಲ್ಲೇ ಕಳೆದುಹೋಗುತ್ತಿವೆ ಅಂತ. ಇವನ್ನು ಡೈಸ್ ಪ್ಯಾಚ್ ಮೂಲಕವೇ ಸೇರಿಸಿದ್ದು, ಆಟಗಾರರ ಕೈಗೆ ಕೊಟ್ಟ ಒಳ್ಳೆಯ ಸಾಧನ ಅಂತ ನನಗೆ ಈಗಲೂ ಅನಿಸುತ್ತದೆ. ಸಾಯುವ ಹೊತ್ತಿನಲ್ಲಿ ಯಾವ ಚಿಹ್ನೆ ಮಿನುಗುತ್ತಿತ್ತು ಅಂತ ಕೇಳಿದರೆ ಸಾಕು, ಅರ್ಧ ದೂರು ತಾನಾಗಿಯೇ ವಿಂಗಡವಾಗುತ್ತಿತ್ತು. ನಮ್ಮಲ್ಲಿ ಒಬ್ಬನಿಗೆ ಸಂಜೆಯಾದರೆ ಚೌಕ ಮಿನುಗಿಯೇ ಮಿನುಗುವುದು. ಅದು ಅವನ ಇಂಟರ್ನೆಟ್ ಕೊಡುವವರ ಕಡೆಯ ತೊಂದರೆ. ಬೆಳಗಿನ ಜಾವ ಅದೇ ಸರ್ವರ್‌ನಲ್ಲಿ ಅವನು ಆರಾಮವಾಗಿ ಆಡುತ್ತಿದ್ದ.

ಇನ್ನು ಗೋಡೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಆ ತಿಂಗಳುಗಳ ಜಗಳವೆಲ್ಲಾ ಇದರ ಸುತ್ತಲೇ ಇತ್ತು.

ಈ ಆಟದಲ್ಲಿ ಗುಂಡು ತಗುಲಿತೋ ಇಲ್ಲವೋ ಅಂತ ಮೊದಲು ಹೇಳುವುದು ಹೊಡೆದವನ ಕಂಪ್ಯೂಟರ್. ಸರ್ವರ್ ಅದನ್ನು ಪರಿಶೀಲಿಸಿ ಒಪ್ಪಿಕೊಳ್ಳುತ್ತದೆ. ಪಿಂಗ್ ಅಂದರೆ ಸುದ್ದಿ ಸರ್ವರ್‌ಗೆ ಹೋಗಿ ವಾಪಸ್ ಬರಲು ಹಿಡಿಯುವ ಸಮಯ, ಮಿಲಿಸೆಕೆಂಡ್ ಲೆಕ್ಕದಲ್ಲಿ. ಹೊಡೆದವನ ಪಿಂಗ್ 150, ನಿಮ್ಮ ಪಿಂಗ್ 80 ಅಂದುಕೊಳ್ಳಿ. ನೀವು ಓಡುವುದು ಸರ್ವರ್‌ಗೆ ತಲುಪಲು 40 ಮಿಲಿಸೆಕೆಂಡ್, ಅಲ್ಲಿಂದ ಅವನಿಗೆ 75. ಅವನು ಹೊಡೆದದ್ದು ಸರ್ವರ್‌ಗೆ ಬರಲು 75, ಅಲ್ಲಿಂದ ನಿಮಗೆ 40. ಒಟ್ಟು 230 ಮಿಲಿಸೆಕೆಂಡ್. ಹೆಚ್ಚುಕಡಿಮೆ ಕಾಲು ಸೆಕೆಂಡ್. ಓಡುವ ಸೈನಿಕ ಅಷ್ಟರಲ್ಲಿ ಒಂದು ಮೀಟರ್‌ಗಿಂತ ಜಾಸ್ತಿ ದೂರ ಹೋಗಿರುತ್ತಾನೆ. ಗೋಡೆ ಹಿಂದೆ ಸೇರಲು ಅಷ್ಟು ಸಾಕಲ್ವಾ?

ಇದರ ಮೇಲೆ ಸರ್ವರ್ ಸೆಕೆಂಡಿಗೆ ಎಷ್ಟು ಸಲ ಸುದ್ದಿ ಕಳಿಸುತ್ತದೆ ಅನ್ನುವುದೂ ಸೇರುತ್ತದೆ. ಶುರುವಿನಲ್ಲಿ ಸರ್ವರ್ ಒಳಗೆ ಸೆಕೆಂಡಿಗೆ 30 ಸಲ ಲೆಕ್ಕ ಹಾಕುತ್ತಿದ್ದರೂ ಆಟಗಾರನಿಗೆ ಸುದ್ದಿ ಬರುತ್ತಿದ್ದದ್ದು 10 ಸಲ ಮಾತ್ರ. ಅಂದರೆ ಎರಡು ಸುದ್ದಿಗಳ ನಡುವೆ 100 ಮಿಲಿಸೆಕೆಂಡ್ ಅಂತರ. ಈಗ ಮೈಸೂರಿನವನ "ಒಂದೇ ಗುಂಡಿಗೆ ಸಾಯ್ತೀನಿ" ಅನ್ನುವ ಮಾತಿಗೆ ಬನ್ನಿ. ಎಇಕೆ-971 ರೈಫಲ್ ನಿಮಿಷಕ್ಕೆ 900 ಗುಂಡು ಹಾರಿಸುತ್ತದೆ, ಸೆಕೆಂಡಿಗೆ 15. ಹತ್ತಿರದಿಂದ ಸಾಯಿಸಲು ನಾಲ್ಕೈದು ಗುಂಡು ಸಾಕು. ಎರಡು ಸುದ್ದಿಗಳ ನಡುವೆ ಎರಡು ಗುಂಡು ತಗುಲಿರಬಹುದು, ನೆಟ್‌ವರ್ಕ್ ಸ್ವಲ್ಪ ತಡವರಿಸಿದರೆ ಮೂರೂ ಆಗಬಹುದು. ಅಂಚೆಯವನು ಮೂರು ದಿನದ ಕಾಗದ ಒಟ್ಟಿಗೆ ತಂದುಕೊಟ್ಟ ಹಾಗೆ ಅವು ಒಂದೇ ಏಟಾಗಿ ಬಂದು ಬೀಳುತ್ತವೆ. ಇದಲ್ಲದೆ ಒಂದೇ ಗುಂಡಿನ ಪೆಟ್ಟನ್ನು ಆಟ ಹಲವು ಸಲ ಎಣಿಸುವ ನಿಜವಾದ ದೋಷವೂ ಶುರುವಿನಲ್ಲಿತ್ತು. ಡೈಸ್ ಅದನ್ನು ಒಪ್ಪಿಕೊಂಡು ಮೊದಲೇ ಸರಿಪಡಿಸಿತ್ತು. ಆದರೆ ಅದು ಹೋದಮೇಲೂ ಜನರಿಗೆ ಹಾಗೇ ಅನಿಸುತ್ತಿತ್ತು. ಕಾರಣ ಎರಡು, ಅನುಭವ ಒಂದೇ. ಹಾಗಾಗಿ "ಆ ಬಗ್ ಇನ್ನೂ ಹೋಗಿಲ್ಲ" ಅಂತ ಬರೆದು ಕಳಿಸಿದರೆ ಅಭಿವೃದ್ಧಿ ಮಾಡುವವರು ಇಲ್ಲದ ಬಗ್ ಹುಡುಕಬೇಕಾಗುತ್ತಿತ್ತು.

2014ರಲ್ಲಿ ಪಿಸಿಗೆ ಹೈ ಫ್ರೀಕ್ವೆನ್ಸಿ ಅನ್ನುವ ಆಯ್ಕೆ ಬಂತು. ನಿಮ್ಮ ಹತ್ತಿರ ಇರುವವರ ಸುದ್ದಿ ಮಾತ್ರ ಸೆಕೆಂಡಿಗೆ 30 ಸಲದವರೆಗೆ ಬರುತ್ತದೆ. 100 ಮಿಲಿಸೆಕೆಂಡ್ ಅಂತರ 33ಕ್ಕೆ ಇಳಿಯುತ್ತದೆ. ಇದನ್ನು ಹಾಕಿ, ತೆಗೆದು, ಮತ್ತೆ ಹಾಕಿ ಎಲ್ಲರಿಂದಲೂ ಆಡಿಸಿದೆ. ಮೈಸೂರಿನವನಿಗೆ ಫರಕು ತಕ್ಷಣ ಗೊತ್ತಾಯಿತು. ಏಟುಗಳು ಬೇರೆ ಬೇರೆಯಾಗಿ ಬರತೊಡಗಿದವು, ತಿರುಗಿ ಹೊಡೆಯಲು ಅವನಿಗೆ ಸಮಯ ಸಿಕ್ಕಿತು. ಹುಬ್ಬಳ್ಳಿಯವನಿಗೆ ಅಷ್ಟೇನೂ ಬದಲಾವಣೆ ಕಾಣಲಿಲ್ಲ. ಅವನನ್ನು ಗೋಡೆ ಹಿಂದೆ ಕೊಲ್ಲುತ್ತಿದ್ದದ್ದು ಪಿಂಗ್, ಸುದ್ದಿಯ ಅಂತರ ಅಲ್ಲ. ಹೀಗೆ ಒಂದೇ ಬೇಡಿಕೆ ಇಟ್ಟಿದ್ದ ಇಬ್ಬರಿಗೆ ಬೇಕಾಗಿದ್ದ ಔಷಧ ಬೇರೆ ಬೇರೆ ಅಂತ ತಿಳಿಯಿತು.

ಗನ್ನು, ಗಾಡಿಗಳ ವಿಷಯದಲ್ಲಿ ಕೇಳುವ ರೀತಿಯನ್ನೇ ಬದಲಾಯಿಸಬೇಕಾಯಿತು. ಇಲ್ಲಿ ಅಳೆಯಲು ಗೆರೆ, ಚಿಹ್ನೆ ಇಲ್ಲ. ಜೆಟ್ ಹಾರಿಸುವವನು ವಿಮಾನಗಳನ್ನು ಹೊಡೆದುರುಳಿಸುವ ಮೊಬೈಲ್ ಆ್ಯಂಟಿ ಏರ್ ಗಾಡಿಯ ಶಕ್ತಿ ತಗ್ಗಿಸಬೇಕು ಅನ್ನುತ್ತಿದ್ದ. ಕಾಲಾಳಾಗಿ ಆಡುವವನು ಆಕಾಶದಿಂದ ಬರುವ ಸಾವಿಗೆ ಆ ಗಾಡಿಯೊಂದೇ ಉತ್ತರ, ಅದನ್ನು ಮುಟ್ಟಬೇಡಿ ಅನ್ನುತ್ತಿದ್ದ. ಆಪರೇಷನ್ ಲಾಕರ್ ಮ್ಯಾಪ್ ಅಂದರೆ ಬೆಟ್ಟದ ಮೇಲಿನ ಜೈಲು, ಇಕ್ಕಟ್ಟಾದ ಓಣಿಗಳು. ಅಲ್ಲಿ ಶಾಟ್‌ಗನ್ನಿನ ಫ್ರ್ಯಾಗ್ ರೌಂಡ್, ಅಂದರೆ ಬಿದ್ದಲ್ಲಿ ಸಿಡಿಯುವ ಗುಂಡು, ಹಾರಿಸುವವರ ಮೇಲೆ ಎಲ್ಲರಿಗೂ ಸಿಟ್ಟು. ಹಾರಿಸುವವರಿಗೆ ಮಾತ್ರ ಅದರಲ್ಲಿ ತಪ್ಪೇ ಕಾಣುತ್ತಿರಲಿಲ್ಲ.

ನಾನು ಮಾಡಿದ್ದು ಇಷ್ಟು. ಯಾರೇ ಅಭಿಪ್ರಾಯ ಹೇಳಿದರೂ ಅದರ ಪಕ್ಕದಲ್ಲಿ ಅವರು ಯಾವ ಸೀಟಿನಲ್ಲಿ ಕೂತು ಆಡುತ್ತಾರೆ ಅಂತ ಬರೆದುಕೊಂಡೆ. ಆಮೇಲೆ ಸೀಟು ಬದಲಾಯಿಸಿದೆ. ಜೆಟ್ಟಿನವನನ್ನು ಆ್ಯಂಟಿ ಏರ್ ಗಾಡಿಯಲ್ಲಿ ಕೂರಿಸಿದೆ, ಕಾಲಾಳನ್ನು ಅಟ್ಯಾಕ್ ಹೆಲಿಕಾಪ್ಟರ್‌ನ ಗನ್ನರ್ ಮಾಡಿದೆ. ಸೀಟು ಬದಲಾದ ಮೇಲೂ ಉಳಿದ ದೂರನ್ನು ಮಾತ್ರ ವರದಿಗೆ ಸೇರಿಸಿದೆ. ಎಷ್ಟೋ ದೂರುಗಳು ಅಲ್ಲೇ ಕರಗಿಹೋದವು. ಉಳಿದವು ಗಟ್ಟಿಯಾಗಿದ್ದವು. ಗಾಡಿ ತನ್ನ ಶುರುವಿನ ಜಾಗದಲ್ಲೇ ನಿಂತು ಕ್ಷಿಪಣಿ ಬಿಟ್ಟರೆ ಸಣ್ಣ ಮ್ಯಾಪಿನಲ್ಲಿ ಹೆಲಿಕಾಪ್ಟರ್ ಏಳುವುದೇ ಕಷ್ಟ ಅನ್ನುವುದು ಅಂಥದ್ದೊಂದು. ಅದನ್ನು ಎರಡೂ ಕಡೆಯವರು ಒಪ್ಪಿದರು.

ವರದಿ ಬರೆಯುವಾಗ ನಾನು ಸಿಟ್ಟಿನ ಮಾತು ತೆಗೆದುಹಾಕುತ್ತಿರಲಿಲ್ಲ. ಹುಡುಗರು ನಿಜವಾಗಿ ನೊಂದಿದ್ದರು, ದುಡ್ಡು ಕೂಡಿಸಿ ಕೊಂಡ ಆಟ. ಆದರೆ ಮೊದಲ ಸಾಲಿನಲ್ಲಿ ಮ್ಯಾಪ್, ಮೋಡ್ (ಆಟದ ಬಗೆ), ಎಷ್ಟು ಜನ, ನಮ್ಮ ಪಿಂಗ್, ಯಾವ ಚಿಹ್ನೆ ಅಂತ ಬರೆಯುತ್ತಿದ್ದೆ. ಸಿಟ್ಟು ಕೊನೆಗೆ. ಓದುವವರಿಗೆ ತೊಂದರೆಯನ್ನು ಮತ್ತೆ ಮಾಡಿ ನೋಡಲು ಆಗಬೇಕು, ಅದು ಮುಖ್ಯ.

ಕಾಯುವುದೂ ಒಂದು ಕೆಲಸವೇ ಆಗಿತ್ತು. "ಸಿಟಿಇಯಲ್ಲಿ ಸರಿಹೋಗಿದೆ ಅಂತೀಯ, ನಮಗ್ಯಾಕೆ ಕೊಡ್ತಿಲ್ಲ?" ಅನ್ನುವ ಪ್ರಶ್ನೆ ಪ್ರತಿ ವಾರ ಬರುತ್ತಿತ್ತು. ಆಟ ಐದು ಬಗೆಯ ಯಂತ್ರಗಳಲ್ಲಿತ್ತು: ಪಿಸಿ, ಪ್ಲೇಸ್ಟೇಷನ್ 3 ಮತ್ತು 4, ಎಕ್ಸ್‌ಬಾಕ್ಸ್ 360 ಮತ್ತು ಎಕ್ಸ್‌ಬಾಕ್ಸ್ ಒನ್. ಪಿಸಿ ಬಿಟ್ಟು ಉಳಿದ ಯಂತ್ರಗಳ ಪ್ಯಾಚ್ ಸೋನಿ, ಮೈಕ್ರೋಸಾಫ್ಟ್ ಪರೀಕ್ಷೆ ದಾಟಿಯೇ ಬರಬೇಕು. ಇಷ್ಟು ಹೇಳಿದರೆ ಬೇಸರ ಪೂರ್ತಿ ಹೋಗುವುದಿಲ್ಲ, ಆದರೆ "ನಮ್ಮನ್ನ ಮರೆತಿದ್ದಾರೆ" ಅನ್ನುವ ಮಾತು ನಿಲ್ಲುತ್ತದೆ. ಸಿಟಿಇಯಲ್ಲಿ ಇವತ್ತು ಇದ್ದ ಬದಲಾವಣೆ ನಾಳೆ ವಾಪಸ್ ಹೋಗುವುದೂ ಇತ್ತು. ಹಾಗಾಗಿ ನಾನು ಯಾವುದನ್ನೂ "ಇದು ಬಂದೇ ಬರುತ್ತೆ" ಅಂತ ಹೇಳುತ್ತಿರಲಿಲ್ಲ.

ನಾವು ಕಾಯುತ್ತಿದ್ದ ದೊಡ್ಡ ಪ್ಯಾಚ್, ಹೆಸರು ಫಾಲ್ ಪ್ಯಾಚ್, 2014ರ ಸೆಪ್ಟೆಂಬರ್ 30ರಂದು ಬಂತು. ಸೈನಿಕನ ಓಟ, ತಿರುಗುವಿಕೆ, ಪರದೆಯ ಮಾಹಿತಿ, ನೆಟ್‌ಕೋಡ್, ಆಟದ ಮೋಡ್‌ಗಳು, ಎಲ್ಲದರಲ್ಲೂ ಕೈಯಾಡಿಸಿದ್ದರು. ಮೊದಲ ಕೆಲವು ದಿನ ನಾನು ಯಾರನ್ನೂ ಏನೂ ಕೇಳಲಿಲ್ಲ. ಹೊಸದು ಬಂದ ಸಂಭ್ರಮದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಇಲ್ಲವೇ ಅಭ್ಯಾಸ ತಪ್ಪಿ ಎಲ್ಲವೂ ಕೆಟ್ಟದಾಗಿ ಕಾಣುತ್ತದೆ. ಜನ ಒಗ್ಗಿದ ಮೇಲೆ ಹಳೆಯ ಮೂರು ಪ್ರಶ್ನೆಗಳನ್ನೇ ಮತ್ತೆ ಕೇಳಿದೆ. ಓಟ ಹಗುರಾಯಿತು ಅನ್ನುವುದರಲ್ಲಿ ಎಲ್ಲರೂ ಒಂದಾಗಿದ್ದರು. ಸೋಜಿಗ ಅಂದರೆ ಅದನ್ನು ನಮ್ಮಲ್ಲಿ ಯಾರೂ ಕೇಳಿಯೇ ಇರಲಿಲ್ಲ.

ಉಳಿದುಕೊಂಡದ್ದು ಪಿಂಗ್. ಬೆಂಗಳೂರಿನಿಂದ ನಾವು ಆಡುತ್ತಿದ್ದದ್ದು ಹೆಚ್ಚಾಗಿ ಸಿಂಗಾಪುರದ ಸರ್ವರ್‌ಗಳಲ್ಲಿ. ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಮೇಲೆ ಹೋಗುವ ದಾರಿ ಸರಿಯಿದ್ದರೆ ಆಟ ಚೆನ್ನ. ಆ ದಾರಿ ಬಿಟ್ಟು ಸುತ್ತಿ ಹೋದರೆ ಪಿಂಗ್ ಏರಿ, ಸರ್ವರ್ ನಡೆಸುವವರು ಇಟ್ಟ ಮಿತಿ ದಾಟಿ, ಆಟದ ಮಧ್ಯೆಯೇ ಹೊರಗೆ ಬೀಳುತ್ತಿದ್ದೆವು. ಹತ್ತಿರದಿಂದ ಆಡುವವರಿಗೆ ನಮ್ಮಂಥವರಿಂದ ಗೋಡೆ ಹಿಂದೆ ಸಾಯುವ ಕಷ್ಟ, ಅದು ನ್ಯಾಯವಾದ ದೂರೇ. ದೂರದವರಿಗೆ ಆಡಲು ಬೇರೆ ಜಾಗವಿಲ್ಲ, ಅದೂ ನಿಜವೇ. ನಾನು ಕಳಿಸಿದ ವರದಿಗಳಲ್ಲಿ ಅತಿ ಉದ್ದದ್ದು ಇದರ ಬಗ್ಗೆಯೇ. ಹೊರಗೆ ಹಾಕಬೇಡಿ, ಪಿಂಗ್ ಜಾಸ್ತಿ ಇದ್ದವನೇ ಅದರ ಭಾರ ಹೊರಲಿ, ಅವನು ಸ್ವಲ್ಪ ಮುಂದೆ ಗುರಿಯಿಟ್ಟು ಹೊಡೆಯಲಿ ಅಂತ ಬರೆದಿದ್ದೆ. ನಮ್ಮ ಗುಂಪಿನಲ್ಲೇ ಇದಕ್ಕೆ ವಿರೋಧ ಇತ್ತು. ಇದನ್ನು ಕೇಳಿದವರು ನಾವೊಬ್ಬರೇ ಅಲ್ಲ, ಬೇರೆ ದೇಶದವರೂ ಕೇಳುತ್ತಿದ್ದರು. 2016ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 1ರಲ್ಲಿ ಹೆಚ್ಚುಕಡಿಮೆ ಹಾಗೇ ಆಯಿತು. ಪಿಂಗ್ ಒಂದು ಮಿತಿ ದಾಟಿದರೆ ಗುಂಡು ತಗುಲಿದ್ದನ್ನು ಸರ್ವರ್ ತೀರ್ಮಾನಿಸುತ್ತದೆ, ಹೊಡೆಯುವವನು ಓಡುವವನ ಮುಂದಕ್ಕೆ ಗುರಿಯಿಡಬೇಕು. ಹುಬ್ಬಳ್ಳಿಯ ಹುಡುಗನಿಗೆ ಅದು ಒಗ್ಗಲು ಸಮಯ ಹಿಡಿಯಿತು. ಈಗ ಅವನು ಗೋಡೆ ಹಿಂದೆ ಸಾಯುವುದು ಕಡಿಮೆ, ಗುಂಡು ತಗುಲುತ್ತಿಲ್ಲ ಅನ್ನುವುದು ಜಾಸ್ತಿ.