ಬಿಸಿ ಗೊಬ್ಬರದ ಮುಳ್ಳುಸೌತೆ: ನನ್ನ ಅನುಭವ

ಮುಳ್ಳುಸೌತೆಗೆ ಹಸಿ ಸೆಗಣಿ ಹಾಕುವುದಿಲ್ಲ, ಕಾಯಿಗೆ ಜೀವಾಮೃತ (ಸೆಗಣಿ, ಗಂಜಲದ ದ್ರವಗೊಬ್ಬರ) ತಾಗಿಸುವುದೂ ಇಲ್ಲ, ಬಿಸಿಯೇರಿಸಿ ಕೊಳೆಸಿದ ಗೊಬ್ಬರ ಮಾತ್ರ ಎಂದಾಗ ಪೆರ್ಲ ಕಡೆಯ ಸಾವಯವ ಗೆಳೆಯರಿಗೆ ಸಿಟ್ಟೇ ಬಂದಿತ್ತು. "ಗೊಬ್ಬರ ಬಿಸಿಯಾದರೆ ಸಾರವೆಲ್ಲ ಹೋಗುತ್ತದೆ" ಎಂದಿದ್ದರು. ಈಗ ಅವರೇ ನನ್ನ ಗೊಬ್ಬರದ ಗುಡ್ಡೆ ನೋಡಲು ಬರುತ್ತಾರೆ.

ಕಾಸರಗೋಡಿನ ನಮ್ಮ ಎಣ್ಮಕಜೆಯಲ್ಲಿ ವಿಷ ಅಂದರೆ ಎಂಡೋಸಲ್ಫಾನ್ ಕೀಟನಾಶಕ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದದ್ದನ್ನು ಯಾರು ಮರೆಯುತ್ತಾರೆ? ಹಾಗಾಗಿ ಸ್ಪ್ರೇ ಇಲ್ಲದಿದ್ದರೆ ಸಾಕು, ತಿನ್ನಬಹುದು ಎಂದು ನಂಬಿಬಿಡುತ್ತೇವೆ. ಕೀಟನಾಶಕದ ಲೆಕ್ಕದಲ್ಲಿ ಅದು ಸರಿಯೇ. ಆದರೆ ಸೆಗಣಿಯ ಇ. ಕೋಲಿ ರೋಗಾಣು ಸುಮ್ನೆ ಬಿಡುವುದಿಲ್ಲ. ಹರಿವೆ, ಬಸಳೆಯಾದರೆ ಬೇಯುತ್ತದೆ. ಮುಳ್ಳುಸೌತೆಯನ್ನು ಮಕ್ಕಳು ಬಳ್ಳಿಯಿಂದಲೇ ಕಿತ್ತು ತಿನ್ನುತ್ತಾರೆ, ಅಲ್ವಾ? 2011ರಲ್ಲಿ ಜರ್ಮನಿಯ ಒಂದು ಸಾವಯವ ಫಾರ್ಮಿನ ಇ. ಕೋಲಿ ಹತ್ತಿದ ಮೊಳಕೆಕಾಳು ತಿಂದು 50ಕ್ಕೂ ಜಾಸ್ತಿ ಜನ ಸತ್ತರು. ಅಲ್ಲಿ ಸಂಶಯ ಮೆಂತೆ ಬೀಜದ ಮೇಲೆ, ಗೊಬ್ಬರದ ಮೇಲಲ್ಲ. ಆದರೂ ನನ್ನ ನಿದ್ದೆ ಕೆಟ್ಟದ್ದು ಅದರಿಂದಲೇ.

ಬಿಸಿಗೆ ರೋಗಾಣು ಸಾಯಲಿ ಎಂದು ನಾನು ಹಿಡಿದದ್ದು ಅಮೆರಿಕದ ಸಾವಯವ ನಿಯಮವನ್ನು: ಗುಡ್ಡೆ 55 ಡಿಗ್ರಿ ದಾಟಿ 15 ದಿನ ಇರಬೇಕು, ಅಷ್ಟರಲ್ಲಿ ಐದು ಸಲ ಮಗುಚಬೇಕು.

ಮೊದಲ ಗುಡ್ಡೆ 40ರ ಆಸುಪಾಸಿನಲ್ಲೇ ನಿಂತಿತು. ಅಡಿಕೆ ಹಾಳೆ ಇಡಿಯಾಗಿತ್ತು. ಮಗುಚುವ ಕೂಲಿಗೇ ಆರೇಳು ಸಾವಿರ ಹೋಯಿತು. ಮುಂದಿನದು ಆಟಿ ತಿಂಗಳ ಜೋರು ಮಳೆಗೆ ಸಿಕ್ಕಿತು. ಮೇಲೆ ಟಾರ್ಪಾಲ್ ಇದ್ದರೂ ಅಡಿಯಿಂದ ನೀರು ಏರಿ ನಾತ ಬಂತು. ಹೊತ್ತು ತೆಗೆಯಲು ಮತ್ತೆ ಕೂಲಿ.

ದಾರಿ ಸಿಕ್ಕಿದ್ದು ಅಂಗಳದಲ್ಲೇ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡು ಮಳೆಗಾಲದಲ್ಲಿ ಖಾಲಿ! ಹಾಳೆಯನ್ನು ಮೆಷಿನ್‌ಗೆ ಕೊಟ್ಟು ಚೂರು ಮಾಡಿದೆ. ಗ್ಲಿರಿಸಿಡಿಯಾ ಸೊಪ್ಪು, ಸೆಗಣಿ ಪದರ ಪದರವಾಗಿ ಎದೆಮಟ್ಟ ಏರಿಸಿದೆ. ಮೂರ್ನಾಲ್ಕು ದಿನದಲ್ಲಿ ಥರ್ಮಾಮೀಟರಿನ ಮುಳ್ಳು 65 ಡಿಗ್ರಿಗೆ ಹೋಯಿತು. ಥರ್ಮಾಮೀಟರ್‌ಗೆ ಸುಮಾರು 800 ರೂಪಾಯಿ. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅಂಚು ತಣ್ಣಗಾಗದಂತೆ ಸುತ್ತ ಏನು ಕಟ್ಟುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನಡುವೆ ಕೋಳಿಗೊಬ್ಬರವನ್ನೂ ನೋಡಿದೆ. ಬೇಗ ಕಾಯುತ್ತದೆ, ಆದರೆ ಕಣ್ಣು ಉರಿಯುವಷ್ಟು ಅಮೋನಿಯಾ. ಗಿಡ್ಡ ದನದ ಸೆಗಣಿ ಒಳ್ಳೆಯದು, ಗುಡ್ಡೆಗೆ ಸಾಕಾಗುವಷ್ಟು ಸೇರಿಸುವುದೇ ಕಷ್ಟ.

ಬೆಳೆ ಕಡಿಮೆಯಾಗಲಿಲ್ಲ. ಸಾರ ಹೋಗುತ್ತದೆ ಅಂದವರ ಬಳ್ಳಿಗಿಂತ ನನ್ನದರಲ್ಲೇ ಕಾಯಿ ಜಾಸ್ತಿ. ಪುತ್ತೂರಿನ ಅಂಗಡಿಯವರು ಕಿಲೋಗೆ ಹತ್ತು ರೂಪಾಯಿ ಸೇರಿಸಿ ಕೊಡುತ್ತಿದ್ದಾರೆ. ಕೊಯ್ದ ಕಾಯಿ ತೊಳೆಯಲು ದನ ಇಳಿಯುವ ಕೆರೆಯ ನೀರು ಬೇಡ. ನಾನು ಬಳಸುವುದು ಬಾವಿ ನೀರು ಮಾತ್ರ.