ಹಂಚಿನ ಮನೆ, ದಾಸವಾಳದ ಗಿಡ: ಜಲವರ್ಣದಲ್ಲಿ ಪದರ ಪದರವಾಗಿ

300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ) ಕಾಗದ ತಗೊಳ್ಳಿ. ತೆಳುವಾದದ್ದು ಬೇಗ ಸುರುಟಿಕೊಳ್ಳುತ್ತದೆ. ಮೊದಲ ಪದರ ನೀರು ನೀರಾಗಿರಲಿ: ಗೋಡೆಗೆ ಯೆಲ್ಲೋ ಓಕರ್ (ಮಣ್ಣಿನ ಹಳದಿ), ಹಂಚಿಗೆ ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು), ಗಿಡಕ್ಕೆಲ್ಲ ನಿಂಬೆ ಹಳದಿ. ದಾಸವಾಳ ಬರುವ ಕಡೆ ಬಿಳಿ ಕಾಗದ ಹಾಗೇ ಬಿಡಿ. ಕೆಂಪಿನ ಕೆಳಗೆ ಹಸಿರಿದ್ದರೆ ಹೂವು ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಏನು ಮಾಡಿದರೂ ಅಷ್ಟೇ.

ಈಗ ಕಾಯಬೇಕು. ಕೈಯ ಹಿಂಬದಿ ತಾಗಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ನಾನು ಹೇರ್ ಡ್ರೈಯರ್ ಹಿಡಿಯುತ್ತೇನೆ. ಮನೆಯವರು ನಗಲಿ ಬಿಡಿ.

ಅಲ್ಟ್ರಾಮರೀನ್ ನೀಲಿಗೆ ಚೂರು ಬರ್ನ್ಟ್ ಸಿಯೆನ್ನಾ ಬೆರೆಸಿ ಸೂರಿನ ಕೆಳಗೆ ನೆರಳು ಎಳೆಯಿರಿ. ಬರೀ ನೀಲಿಯನ್ನು ಒಣಗಿದ ಹಳದಿ ಮೇಲೆ ತೆಳ್ಳಗೆ ಹಾಯಿಸಿದರೆ ಎಲೆಗೆ ಹಸಿರು ತಾನಾಗಿ ಬರುತ್ತದೆ. ಟ್ಯೂಬಿನ ಹಸಿರು ನನಗಂತೂ ಬೇಡ, ಪ್ಲಾಸ್ಟಿಕ್ ಗಿಡ ಕಂಡ ಹಾಗಾಗುತ್ತದೆ. ಹೂವಿನ ಕೆಂಪು ಕೊನೆಗೆ. ಸುಮ್ನೆ ಉಜ್ಜಬೇಡಿ, ಕೆಳಗಿನ ಬಣ್ಣ ಎದ್ದು ಬರುತ್ತದೆ.