ಮೈನಸ್ ಚಳಿಯಲ್ಲಿ ಟೇಪ್ ಹಿಡಿಯುತ್ತದೆಯೇ? ಪರೀಕ್ಷಿಸುವುದು ಹೀಗೆ

ಮಂಗಳೂರಿನ ಮೀನು ಸಂಸ್ಕರಣಾ ಘಟಕಗಳಲ್ಲಿ ಸಿಗಡಿಯನ್ನು ಮೈನಸ್ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಟ್ಟಿಗೊಳಿಸಿ, ಕಾರ್ಟನ್‌ಗೆ ತುಂಬಿ, ಮೈನಸ್ 18 ಅಥವಾ ಅದಕ್ಕೂ ಕೆಳಗಿನ ಕೋಲ್ಡ್ ಸ್ಟೋರೇಜ್‌ಗೆ ಸೇರಿಸುತ್ತಾರೆ. ಬೆಂಗಳೂರಿನ ಜೀವವಿಜ್ಞಾನ ಪ್ರಯೋಗಾಲಯಗಳಲ್ಲಿ ಮಾದರಿ ತುಂಬಿದ ಟ್ಯೂಬ್‌ಗಳು ಮೈನಸ್ 80ರ ಫ್ರೀಜರ್‌ನಲ್ಲಿ ವರ್ಷಗಟ್ಟಲೆ ಕೂತಿರುತ್ತವೆ. ಕಾರ್ಟನ್ ಬಾಯಿ ಬಿಡದಂತೆ ಹಿಡಿದಿರುವುದೂ ಟೇಪೇ, ಟ್ಯೂಬಿನ ಮೇಲೆ ಹೆಸರು ಉಳಿಸಿರುವುದೂ ಟೇಪೇ. ಚೀಟಿ ಕಳಚಿಬಿದ್ದರೆ ಒಳಗಿನ ಮಾದರಿ ಹಾಳಾಗದಿದ್ದರೂ ಅದು ಯಾರದು, ಯಾವುದು ಎಂದು ಹೇಳುವವರೇ ಇರುವುದಿಲ್ಲ. ಸಂಶೋಧನಾ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಒಳ್ಳೆಯ ಕಂಪನಿಗಳು ತಮ್ಮ ಟೇಪಿನ ಮಾಹಿತಿ ಪತ್ರದಲ್ಲಿ ಎರಡು ಉಷ್ಣಾಂಶಗಳನ್ನು ಬೇರೆಬೇರೆಯಾಗಿ ಕೊಡುತ್ತವೆ. ಎಷ್ಟು ಚಳಿಯವರೆಗೆ ಅಂಟಿಸಬಹುದು ಎಂಬುದು ಒಂದು. ಅಂಟಿಸಿದ ಮೇಲೆ ಎಷ್ಟು ಚಳಿ ತಡೆಯುತ್ತದೆ ಎಂಬುದು ಇನ್ನೊಂದು. ಅಂಗಡಿಯಲ್ಲಿ ಕೊಳ್ಳುವ ಬ್ರೌನ್ ಟೇಪ್ ರೋಲಿನ ಮೇಲೆ ಸಾಮಾನ್ಯವಾಗಿ ಇವೆರಡರಲ್ಲಿ ಯಾವುದೂ ಇರುವುದಿಲ್ಲ. ಹಾಗಾಗಿ ನಾವೇ ಪರೀಕ್ಷೆ ಮಾಡಿ ನೋಡಬೇಕು. ಮಾಡುವಾಗ ಈ ಎರಡು ಪ್ರಶ್ನೆಗಳನ್ನು ಕಲಸಬಾರದು. ಬೆಚ್ಚಗಿದ್ದಾಗ ಅಂಟಿಸಿ ಫ್ರೀಜರ್‌ಗೆ ಇಟ್ಟ ಟೇಪ್ ಗೆದ್ದಿತೆಂದ ಮಾತ್ರಕ್ಕೆ ಅದೇ ಟೇಪ್ ಚಳಿಯಲ್ಲಿ ನಿಂತು ಅಂಟಿಸಿದರೂ ಹಿಡಿಯುತ್ತದೆ ಎಂದು ನಂಬುವಂತಿಲ್ಲ.

ಅಂಟಿಗೆ ಚಳಿಯಾದರೆ ಏನಾಗುತ್ತದೆ?

ಟೇಪಿನ ಅಂಟು ಆರಿ ಗಟ್ಟಿಯಾಗುವ ಜಾತಿಯದಲ್ಲ. ಅದು ಸದಾ ಅರ್ಧ ದ್ರವ, ಅರ್ಧ ರಬ್ಬರ್. ಬೆರಳಿನಿಂದ ಒತ್ತಿದಾಗ ಮೇಲ್ಮೈಯ ಕಣ್ಣಿಗೆ ಕಾಣದ ತಗ್ಗುಗಳಿಗೆ ಹರಿದು ಕೂರುತ್ತದೆ, ಎಳೆದಾಗ ನೂಲಿನಂತೆ ಹಿಗ್ಗಿ ತಡೆಯೊಡ್ಡುತ್ತದೆ. ಬೆಚ್ಚಗಿರುವ ಅಂಟು ಜೋನಿಬೆಲ್ಲವಾದರೆ ಕೊರೆಯುವ ಚಳಿಯಲ್ಲಿ ಅದೇ ಅಂಟು ಅಚ್ಚುಬೆಲ್ಲ. ಅಂಟಿನ ಬಿಗಿತ ಸುಮಾರು 3 ಲಕ್ಷ ಪ್ಯಾಸ್ಕಲ್ (ಬಿಗಿತ ಅಳೆಯುವ ಮಾನ) ದಾಟಿದರೆ ಅದು ಮೇಲ್ಮೈಗೆ ಒಗ್ಗಿ ಕೂರಲಾರದು ಎಂದು ಗುರುತಿಸಿದವರು ತ್ರೀಎಂ ಕಂಪನಿಯ ವಿಜ್ಞಾನಿ ಕಾರ್ಲ್ ಡಾಲ್‌ಕ್ವಿಸ್ಟ್. ಇಂದಿಗೂ ಈ ಕ್ಷೇತ್ರದಲ್ಲಿ ಅದೇ ಅಳತೆಗೋಲು. ಉಷ್ಣಾಂಶ ಇನ್ನೂ ಇಳಿದರೆ ಅಂಟು ಗಾಜಿನ ಸ್ಥಿತಿಗೆ ಹೋಗುತ್ತದೆ. ಆಗ ಹಿಗ್ಗುವುದಿಲ್ಲ, ಪಟ್ಟನೆ ಬಿರಿಯುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಚಳಿ ಏರುತ್ತಿದ್ದಂತೆ ಟೇಪಿನ ಹಿಡಿತ ಒಂದೇ ಸಮನೆ ಇಳಿಯುವುದಿಲ್ಲ. ಬೆಚ್ಚಗಿದ್ದಾಗ ಚೆನ್ನಾಗಿ ಕೂತಿದ್ದ ಟೇಪನ್ನು ತಂಪು ಮಾಡುತ್ತ ಹೋದರೆ ಅಂಟು ಬಿಗಿಯಾಗಿ ಮೊದಮೊದಲು ಎಳೆಯಲು ಹೆಚ್ಚೇ ಬಲ ಬೇಕಾಗುತ್ತದೆ. ಒಂದು ಹಂತ ದಾಟಿದ ಮೇಲೆ ಮಾತ್ರ ಹಿಡಿತ ದಿಢೀರನೆ ಕುಸಿಯುತ್ತದೆ. ಒಂದೇ ಉಷ್ಣಾಂಶದಲ್ಲಿ ಪರೀಕ್ಷಿಸಿ 'ಚಳಿಗೆ ಇನ್ನೂ ಗಟ್ಟಿಯಾಯಿತು' ಎಂದು ಖುಷಿಪಡುವವರು ಎಡವುವುದು ಇಲ್ಲೇ.

ತಯಾರಿ

ಹೋಲಿಸಬೇಕಾದ ಟೇಪ್‌ಗಳು, ಚಪ್ಪಟೆ ಬದಿಯ ಸ್ಟೀಲ್ ಡಬ್ಬಿ, ಲಗೇಜ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ, ಮೈನಸ್ 50ರವರೆಗೆ ತೋರಿಸುವ ವೈರ್ ಇರುವ ಥರ್ಮಾಮೀಟರ್, ಮೆಡಿಕಲ್ ಅಂಗಡಿಯ ಐಸೋಪ್ರೊಪೈಲ್ ಆಲ್ಕೋಹಾಲ್, ಜಿಪ್ ಚೀಲ. ಇಷ್ಟು ಸಾಕು. ನಿಮ್ಮ ಟೇಪ್ ನಿಜವಾಗಿ ಅಂಟಬೇಕಿರುವುದು ರಟ್ಟಿಗೋ ಪ್ಲಾಸ್ಟಿಕ್ಕಿಗೋ ಆಗಿದ್ದರೆ ಅದರ ತುಂಡೂ ಇರಲಿ. ಸ್ಟೀಲಿಗೆ ಗಟ್ಟಿಯಾಗಿ ಹಿಡಿಯುವ ಎಷ್ಟೋ ಟೇಪ್‌ಗಳು ಪಾಲಿಥೀನ್ ಮೇಲೆ ಸೋಲುತ್ತವೆ.

ಡಬ್ಬಿಗೆ ಮುಕ್ಕಾಲು ಭಾಗ ನೀರು ತುಂಬಿ. ಪೂರ್ತಿ ತುಂಬಿದರೆ ಮಂಜುಗಡ್ಡೆ ಹಿಗ್ಗಿ ಡಬ್ಬಿ ಉಬ್ಬುತ್ತದೆ. ನೀರು ಏಕೆಂದರೆ, ಬರಿಯ ಸ್ಟೀಲ್ ಹಾಳೆ ಫ್ರೀಜರಿನಿಂದ ಹೊರಬಂದ ಕೂಡಲೇ ಬಿಸಿಯಾಗುತ್ತದೆ. ಒಳಗೆ ಮಂಜುಗಡ್ಡೆ ಇದ್ದರೆ ಎಳೆದು ಮುಗಿಸುವಷ್ಟು ಹೊತ್ತು ಬದಿ ಚಳಿಯಾಗಿಯೇ ಉಳಿಯುತ್ತದೆ.

ಮೊದಲ ಪರೀಕ್ಷೆ: ಬೆಚ್ಚಗೆ ಅಂಟಿಸಿ, ಚಳಿಯಲ್ಲಿ ಎಳೆಯುವುದು

ನೀರು ತುಂಬಿದ ಡಬ್ಬಿ ಇನ್ನೂ ಕೋಣೆಯ ಉಷ್ಣಾಂಶದಲ್ಲಿರುವಾಗಲೇ ಬದಿಯನ್ನು ಆಲ್ಕೋಹಾಲ್‌ನಲ್ಲಿ ಒರೆಸಿ ಆರಲು ಬಿಡಿ. ಅಡುಗೆಮನೆಯ ಡಬ್ಬಿಯಾದರೆ ಎರಡು ಸಲ ಒರೆಸಿ, ಎಣ್ಣೆಯ ತೆಳುಪರೆ ಕಣ್ಣಿಗೆ ಕಾಣುವುದಿಲ್ಲ. ಎಲ್ಲ ಟೇಪ್‌ಗಳನ್ನೂ ಒಂದೇ ಅಗಲಕ್ಕೆ, ಸುಮಾರು ಒಂದು ಇಂಚಿಗೆ, ಕತ್ತರಿಸಿಕೊಳ್ಳಿ. ಎಳೆಯಲು ಒಂದು ತುದಿ ಸಡಿಲವಾಗಿರಲಿ. ಅದನ್ನು ಮಡಚಿ ತೂತು ಮಾಡಿದರೆ ತಕ್ಕಡಿಯ ಕೊಕ್ಕೆ ಸಿಕ್ಕಿಸಬಹುದು.

ಪ್ರಯೋಗಾಲಯದಲ್ಲಿ 2 ಕಿಲೋ ತೂಕದ ರೋಲರ್ ಉರುಳಿಸಿ ಟೇಪನ್ನು ಒತ್ತುತ್ತಾರೆ. ನಿಮಗೆ 2 ಲೀಟರ್ ನೀರಿನ ಬಾಟಲಿ ಸಾಕು. ಡಬ್ಬಿಯ ಮುಚ್ಚಳ ಬಿಗಿಮಾಡಿ ಅಡ್ಡ ಮಲಗಿಸಿ, ಟೇಪಿನ ಮೇಲೆ ಬಾಟಲಿಯನ್ನು ಅದರದೇ ತೂಕದಲ್ಲಿ ಹಿಂದಕ್ಕೂ ಮುಂದಕ್ಕೂ ಎರಡೆರಡು ಸಲ ಉರುಳಿಸಿ. ಕೈಯಿಂದ ಒತ್ತಿದರೆ ಒಂದು ಪಟ್ಟಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಲ ಬಿದ್ದು ಹೋಲಿಕೆಯೇ ಕೆಡುತ್ತದೆ. ಹಲವು ಟೇಪ್‌ಗಳಲ್ಲಿರುವ ಅಕ್ರಿಲಿಕ್ ಅಂಟು ಪೂರ್ತಿ ಕೂರಲು ಹೊತ್ತು ಹಿಡಿಯುತ್ತದೆ, ಒಂದು ದಿನ ಬಿಡಿ. ನಂತರ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ, ಹಿಮದ ಪುಡಿ ಕೂರದಂತೆ ಜಿಪ್ ಚೀಲದಲ್ಲಿ ಮುಚ್ಚಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಇವುಗಳದೇ ಜೋಡಿ ಪಟ್ಟಿಗಳನ್ನು ಇನ್ನೊಂದು ಡಬ್ಬಿಗೆ ಅಂಟಿಸಿ ಕೋಣೆಯಲ್ಲೇ ಉಳಿಸಿ. ಹೋಲಿಕೆಗೆ ಅವು ಬೇಕೇ ಬೇಕು.

ಎಳೆಯುವುದು ಸೂಕ್ಷ್ಮ ಕೆಲಸ. ಸಡಿಲ ತುದಿಯನ್ನು ಹಿಂದಕ್ಕೆ ಮಡಚಿ, ಟೇಪಿನ ಮೇಲೆಯೇ ಸಾಗುವಂತೆ ಒಂದೇ ವೇಗದಲ್ಲಿ ಎಳೆಯಿರಿ. ನಿಮಿಷಕ್ಕೆ 300 ಮಿಲಿಮೀಟರ್ ಎಂಬುದು ಪ್ರಮಾಣಿತ ವೇಗ. ಅಂದರೆ ಸೆಕೆಂಡಿಗೆ ಅರ್ಧ ಸೆಂಟಿಮೀಟರ್. ನಾವು ಅಂದುಕೊಳ್ಳುವುದಕ್ಕಿಂತ ಬಹಳ ನಿಧಾನ. ವೇಗಕ್ಕೆ ಇಷ್ಟು ಮಹತ್ವ ಯಾಕೆಂದರೆ, ಜೋರಾಗಿ ಎಳೆದರೆ ಅಂಟಿಗೆ ಹರಿಯಲು ಸಮಯ ಸಿಗುವುದಿಲ್ಲ, ಹೆಚ್ಚು ಚಳಿಯಲ್ಲಿದ್ದಂತೆಯೇ ವರ್ತಿಸುತ್ತದೆ. ಮೊದಲ ಒಂದು ಇಂಚು ಬಿಟ್ಟು, ನಂತರ ತಕ್ಕಡಿ ತೋರಿಸಿದ ಅಂಕಿಗಳನ್ನು ಬರೆದುಕೊಳ್ಳಿ. ಫೋನ್‌ನಲ್ಲಿ ವಿಡಿಯೊ ಮಾಡಿಕೊಂಡರೆ ಸುಲಭ.

ಅಂಕಿಯಷ್ಟೇ ಮುಖ್ಯ ಅದು ಬಿಟ್ಟುಕೊಳ್ಳುವ ರೀತಿ. ಕೋಣೆಯಲ್ಲಿದ್ದ ಟೇಪ್ ನಯವಾಗಿ ಏಳುತ್ತದೆ. ಗಾಜಿನ ಸ್ಥಿತಿ ಸಮೀಪಿಸಿದ ಅಂಟು ಟರ್ರ್ ಟರ್ರ್ ಎಂದು ಸದ್ದು ಮಾಡುತ್ತ, ನಿಂತು ನಿಂತು ಜಿಗಿಯುತ್ತದೆ. ತಕ್ಕಡಿಯ ಅಂಕಿ ಏರಿಳಿಯುತ್ತದೆ, ಕಿತ್ತ ಟೇಪನ್ನು ಬೆಳಕಿಗೆ ಹಿಡಿದರೆ ಅಡ್ಡಡ್ಡ ಗೆರೆಗಳು ಕಾಣುತ್ತವೆ. ಈ ಗೆರೆಗಳು ಕಂಡರೆ ಸರಾಸರಿ ಅಂಕಿ ಎಷ್ಟೇ ದೊಡ್ಡದಿರಲಿ, ಆ ಟೇಪನ್ನು ಆ ಚಳಿಗೆ ನಾನು ನಂಬುವುದಿಲ್ಲ. ಸ್ಟೀಲ್ ಮೇಲೆ ಅಂಟು ಉಳಿದಿದೆಯೇ, ಟೇಪಿನ ಬೆನ್ನೇ ಹರಿಯಿತೇ ಎಂಬುದನ್ನೂ ನೋಡಿ. ವೈರಿಗೆ ಸುತ್ತುವ ಇನ್ಸುಲೇಷನ್ ಟೇಪಿನ ಬೆನ್ನು ಪಿವಿಸಿ. ಚಳಿಯಲ್ಲಿ ಅದು ತನ್ನ ಎಳೆತ ಕಳೆದುಕೊಂಡು ಗಡುಸಾಗುತ್ತದೆ.

ತೂಕ ನೇತುಹಾಕುವ ಪರೀಕ್ಷೆಯನ್ನೂ ಮಾಡಬಹುದು, ಆದರೆ ಅದು ಚಳಿಯ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಬಿಗಿಯಾದ ಅಂಟು ಜಾರುವುದಿಲ್ಲ, ಹಾಗಾಗಿ ಎಲ್ಲ ಟೇಪ್‌ಗಳೂ ಪಾಸಾಗುತ್ತವೆ. ಚಳಿಯಲ್ಲಿ ಟೇಪನ್ನು ಸೋಲಿಸುವುದು ಪೆಟ್ಟು. ತುಂಬಿದ ಕಾರ್ಟನ್ನನ್ನು ಫ್ರೀಜರಿನಿಂದ ತೆಗೆದ ಕೂಡಲೇ ಸೊಂಟದೆತ್ತರದಿಂದ ಮೂಲೆ ಕೆಳಗಾಗಿ ಬೀಳಿಸಿ ನೋಡಿ. ಲಾರಿಯಲ್ಲಿ ಆಗುವುದು ಇದೇ.

ಎರಡನೇ ಪರೀಕ್ಷೆ: ಚಳಿಯಲ್ಲೇ ಅಂಟಿಸುವುದು

ಈಗ ಟೇಪ್ ರೋಲ್ ಮತ್ತು ಬದಿಗೆ ಏನೂ ಅಂಟಿಸದ, ನೀರು ತುಂಬಿದ ಡಬ್ಬಿ ಎರಡನ್ನೂ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಕೈಗವಸು ಹಾಕಿಕೊಂಡು, ಸಾಧ್ಯವಾದಷ್ಟೂ ಫ್ರೀಜರ್ ಒಳಗೇ ಅಂಟಿಸಿ, ಒತ್ತಿ, ಅಲ್ಲೇ ಬಿಟ್ಟು, ಮೊದಲಿನಂತೆಯೇ ಎಳೆಯಿರಿ. ಸಾಮಾನ್ಯ ಬ್ರೌನ್ ಟೇಪ್ ಹಲವು ಸಲ ಅಂಟದೆ ಬರೀ ಹಾಳೆಯಂತೆ ಮೇಲೆ ಕೂತಿರುತ್ತದೆ.

ಇನ್ನೊಂದು ಜೋಡಿ ಪಟ್ಟಿಯನ್ನು ಬೆಚ್ಚಗಿನ ಟೇಪ್, ಚಳಿಯ ಡಬ್ಬಿ ಎಂಬ ಕ್ರಮದಲ್ಲಿ ಮಾಡಿ. ಚಳಿಗಾಲದಲ್ಲಿ ಲಡಾಖ್‌ನ ಚಾದರ್ ಚಾರಣಕ್ಕೆ ಹೊರಟವರಿಗೆ ಇದು ಉಪಯೋಗದ ಲೆಕ್ಕ. ರೋಲನ್ನು ಬ್ಯಾಗಿನ ಹೊರಜೇಬಿನಲ್ಲಿ ಇಡುವುದಕ್ಕೂ ಜಾಕೆಟ್ ಒಳಗೆ ಇಡುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಇಲ್ಲಿ ಅಂಕಿಯಲ್ಲೇ ಸಿಗುತ್ತದೆ. ಮೇಲ್ಮೈಯ ಮೇಲೆ ಹಿಮದ ಪುಡಿ ಕೂತಿದ್ದರೆ ಟೇಪ್ ಅಂಟುವುದು ಹಿಮಕ್ಕೆ, ಸ್ಟೀಲಿಗಲ್ಲ. ನಮ್ಮ ಕರಾವಳಿಯ ಗಾಳಿಯಲ್ಲಿ ಡಬ್ಬಿ ಹೊರತೆಗೆದ ಕ್ಷಣವೇ ಪಸೆ ಹಿಡಿಯುತ್ತದೆ. ಒಣಬಟ್ಟೆಯಲ್ಲಿ ಒರೆಸಿದ ತಕ್ಷಣ ಅಂಟಿಸಬೇಕು.

ಇನ್ನೂ ಕೆಳಗೆ ಇಳಿಯಬೇಕಾದರೆ

ಡ್ರೈ ಐಸ್, ಅಂದರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್, ಮೈನಸ್ 78.5 ಡಿಗ್ರಿ ಕೊಡುತ್ತದೆ, ಹತ್ತಿರಹತ್ತಿರ ಪ್ರಯೋಗಾಲಯದ ಫ್ರೀಜರಿನಷ್ಟೇ. ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಳವನ್ನು ಸುಮ್ಮನೆ ಮೇಲಿಡಿ, ಬಿಗಿಯಾಗಿ ಮುಚ್ಚಿದ ಯಾವ ಪಾತ್ರೆಯಲ್ಲೂ ಹಾಕಬೇಡಿ, ಸಿಡಿಯುತ್ತದೆ. ಅದರಿಂದ ಏಳುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಉಸಿರುಗಟ್ಟಿಸುತ್ತದೆ. ಕಿಟಕಿ ಬಾಗಿಲು ತೆರೆದಿರಲಿ, ಕಾರಿನಲ್ಲಿ ತರುವಾಗ ಗಾಜು ಇಳಿಸಿರಿ. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ. ದ್ರವ ಸಾರಜನಕದ ಮೈನಸ್ 196ರ ಪರೀಕ್ಷೆ ಮನೆಯದಲ್ಲ.

ಡ್ರೈ ಐಸಿನ ಮಟ್ಟದಲ್ಲಿ ಸಾಮಾನ್ಯ ಅಕ್ರಿಲಿಕ್ ಮತ್ತು ರಬ್ಬರ್ ಅಂಟುಗಳು ಗಾಜಾಗಿರುತ್ತವೆ. ಸಿಲಿಕೋನ್ ಅಂಟಿನವು ಇವುಗಳಿಗಿಂತ ತುಂಬ ಕೆಳಗಿನವರೆಗೂ ಮೆತ್ತಗಿರುತ್ತವೆ, ಬೆಲೆಯೂ ಹಾಗೆಯೇ. ಟ್ಯೂಬಿಗೆ ಚೀಟಿ ಅಂಟಿಸುವವರು ಈ ಚಳಿಗೆಂದೇ ಮಾಡಿದ ಲೇಬಲ್ಲನ್ನೇ ಕೊಳ್ಳಿ. ಟ್ಯೂಬ್ ಒಣಗಿದ್ದಾಗ, ಕೋಣೆಯ ಉಷ್ಣಾಂಶದಲ್ಲಿ, ತುದಿ ತನ್ನ ಮೇಲೆಯೇ ಬಂದು ಕೂರುವಂತೆ ಸುತ್ತಿ, ಒಂದು ದಿನ ಬಿಟ್ಟು ಫ್ರೀಜರ್‌ಗೆ ಇಡಿ. ಸಿಗಡಿ ಕಾರ್ಟನ್‌ಗೆ ಅಷ್ಟು ಸಮಯ ಕೊಡಲಾಗದು. ಅಲ್ಲಿ ಎರಡನೇ ಪರೀಕ್ಷೆಯಲ್ಲಿ ಗೆದ್ದ ಟೇಪನ್ನೇ ಆರಿಸಿ, ಪ್ರತಿ ಹೊಸ ಲಾಟ್ ಬಂದಾಗಲೂ ಒಂದು ರೋಲನ್ನು ಮತ್ತೆ ಪರೀಕ್ಷೆಗೆ ಹಾಕಿ.